ದೂರದ ದಾರಿಗೆ ಪಿಕಪ್: ಹೇರುವ ಮುನ್ನ ತೂಗಿ

ತರಕಾರಿ, ಸಿಮೆಂಟು, ಗ್ಯಾಸ್ ಸಿಲಿಂಡರ್ ಸಾಗಿಸುವ ಗಾಡಿ ಎಂದಷ್ಟೇ ನಾವು ನೋಡುತ್ತಿದ್ದ ಪಿಕಪ್ ಈಗ ಲಡಾಖ್, ಸ್ಪಿತಿ, ಕಛ್ ಕಡೆಗೆ ಮನೆಮಂದಿಯನ್ನು ಕರೆದೊಯ್ಯುವ ವಾಹನವೂ ಆಗಿದೆ. ಆಂಧ್ರದ ಶ್ರೀಸಿಟಿಯಲ್ಲಿ ತಯಾರಾಗುವ ಇಸುಜು ವಿ-ಕ್ರಾಸ್ 2016ರಲ್ಲಿ ಬಂತು. ನಮ್ಮ ಬಿಡದಿಯಲ್ಲೇ ತಯಾರಾಗುವ ಟೊಯೋಟಾ ಹೈಲಕ್ಸ್ 2022ರಲ್ಲಿ. ಇಂಥ ಗಾಡಿ ಮನೆಗೆ ಬಂದದ್ದೇ ತಡ, ಆಕ್ಸೆಸರಿ ಅಂಗಡಿಗೆ ಓಡಾಟ ಶುರುವಾಗುತ್ತದೆ. ಕಬ್ಬಿಣದ ಬಂಪರ್, ಮೇಲೊಂದು ಟೆಂಟು, ಗಾಡಿ ಎತ್ತರಿಸುವ ಕಿಟ್, ದಪ್ಪ ಟೈರು, ಸಾಲು ಲೈಟು. ಇವುಗಳಲ್ಲಿ ಬಹುಪಾಲು ದೂರಪ್ರಯಾಣಕ್ಕೆ ನೆರವಾಗುವುದಿಲ್ಲ, ಕೆಲವಂತೂ ಅಪಾಯವನ್ನೇ ತರುತ್ತವೆ ಎಂಬುದು ನನ್ನ ವಾದ. ಪಿಕಪ್ಪನ್ನು ಸಜ್ಜುಗೊಳಿಸುವವರು ಮೊದಲು ಹೋಗಬೇಕಾದ ಜಾಗ ವೇಬ್ರಿಡ್ಜ್.

ಲೆಕ್ಕ ಸರಳ. ತಯಾರಕರು ನಿಗದಿಪಡಿಸಿದ ಒಟ್ಟು ತೂಕದಿಂದ ಗಾಡಿಯ ಸ್ವಂತ ತೂಕ ಕಳೆದರೆ ಉಳಿಯುವುದೇ ನಮಗೆ ಸಿಗುವ ಅವಕಾಶ. ಜನ, ಸಾಮಾನು, ಆಮೇಲೆ ಕೂರಿಸಿದ ಪ್ರತಿ ಬೋಲ್ಟು ಎಲ್ಲವೂ ಅದರೊಳಗೇ ಬರಬೇಕು. ತಲಾ 70 ಕಿಲೋದ ಐವರು ಕೂತರೆ 350 ಕಿಲೋ ಮುಗಿಯಿತು. ಹಿಂದಿನ ಬಾಡಿಗೆ ಮುಚ್ಚಿಗೆ, ಟೆಂಟು, ಕಬ್ಬಿಣದ ಬಂಪರ್ ಒಂದೊಂದೂ ಸುಮಾರು 50-60 ಕಿಲೋ. 40 ಲೀಟರ್ ನೀರೆಂದರೆ 40 ಕಿಲೋ. ಬ್ಯಾಗು, ಒಲೆ, ಪಾತ್ರೆ ಬೇರೆ. ನೋಡನೋಡುತ್ತಲೇ 600 ಕಿಲೋ ದಾಟುತ್ತದೆ. ನಮ್ಮಲ್ಲಿ ಖಾಸಗಿ ಬಳಕೆಗೆ ಮಾರುವ ಐದು ಸೀಟಿನ ಪಿಕಪ್ಪುಗಳಲ್ಲಿ ಎಲ್ಲವೂ ಇಷ್ಟನ್ನು ಹೊರುವುದಿಲ್ಲ. ಹಾಗಾಗಿ ಹೊರಡುವ ವಾರದ ಮೊದಲೇ ಟ್ಯಾಂಕ್ ತುಂಬಿಸಿ, ಸಾಮಾನು ಹೇರಿ, ಜನರನ್ನೂ ಕೂರಿಸಿಕೊಂಡು ವೇಬ್ರಿಡ್ಜಿಗೆ ಹೋಗಬೇಕು. ಮೊದಲು ಇಡೀ ಗಾಡಿ, ಆಮೇಲೆ ಮುಂದಿನ ಚಕ್ರಗಳನ್ನಷ್ಟೇ ಹತ್ತಿಸಿ ಇನ್ನೊಮ್ಮೆ ತೂಗಿಸಿ. ಈ ಎರಡನೇ ಚೀಟಿಯೇ ಹೆಚ್ಚು ಮುಖ್ಯ. ಭಾರವೆಲ್ಲ ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ ಬಿದ್ದರೆ ಅದು ಮುಂಭಾಗವನ್ನು ಮೇಲೆತ್ತುತ್ತದೆ. ಸ್ಟೇರಿಂಗಿಗೂ ಮುಂದಿನ ಬ್ರೇಕಿಗೂ ಹಿಡಿತ ಕಡಿಮೆಯಾಗುತ್ತದೆ. ನೀರಿನ ಕ್ಯಾನು, ಟೂಲ್ ಬಾಕ್ಸ್‌ಗಳನ್ನು ಕ್ಯಾಬಿನ್ನಿಗೆ ಒತ್ತಿ, ಬಾಡಿಯ ತಳಕ್ಕೇ ಇಟ್ಟು ರಾಚೆಟ್ ಬೆಲ್ಟಿನಿಂದ ಬಿಗಿಯುವುದಕ್ಕೆ ಹೆಚ್ಚು ಖರ್ಚಿಲ್ಲ, ಆದರೆ ಅದರಷ್ಟು ಗುಣ ಕೊಡುವ ಅಪ್‌ಗ್ರೇಡ್ ಮತ್ತೊಂದಿಲ್ಲ.

‘ಸಸ್ಪೆನ್ಷನ್ ಗಟ್ಟಿ ಮಾಡಿಸಿದರೆ ಆಯಿತಲ್ಲ’ ಎನ್ನುವವರಿದ್ದಾರೆ. ಹಿಂದೆ ಒಂದು ಕಮಾನು ಪ್ಲೇಟು ಹೆಚ್ಚಿಸಿದರೆ ಗಾಡಿ ಕುಗ್ಗಿ ಕೂರುವುದು ನಿಲ್ಲುತ್ತದೆ, ನಿಜ. ಆದರೆ ಬ್ರೇಕು, ಆಕ್ಸಲ್, ಬೇರಿಂಗ್, ಚಾಸಿ ಹಳೆಯವೇ ಅಲ್ಲವೇ? ಪ್ಲೇಟು ಸೇರಿಸಿದ ಮಾತ್ರಕ್ಕೆ ಅವುಗಳ ಶಕ್ತಿ ಹೆಚ್ಚುವುದಿಲ್ಲ. ಹೆಚ್ಚು ಹೇರಿದ್ದೇವೆ ಎಂಬ ಎಚ್ಚರಿಕೆ ಮಾತ್ರ ಕಣ್ಣಿಗೆ ಕಾಣದಂತಾಗುತ್ತದೆ. ಆಸ್ಟ್ರೇಲಿಯಾದ ಒಳನಾಡಿನ ದಾರಿಗಳಲ್ಲಿ ಇಂಥದೇ ಪಿಕಪ್ಪುಗಳ ಚಾಸಿ ನಡುವೆಯೇ ಬಾಗಿದ ಉದಾಹರಣೆಗಳಿವೆ. ಹಿಂದೆ ವಿಪರೀತ ಭಾರ, ಜೊತೆಗೆ ಗುಂಡಿಬಿದ್ದ ದಾರಿಯಲ್ಲಿ ವೇಗ ಸೇರಿದರೆ ಆಗುವುದು ಹಾಗೆಯೇ.

ಹಣ ಖರ್ಚು ಮಾಡಲೇಬೇಕೆಂದರೆ ಟೈರಿಗೆ ಮತ್ತು ಬ್ರೇಕಿಗೆ ಮಾಡಿ. ಟೈರಿನ ಬದಿಯಲ್ಲಿ 265/60 ಆರ್ 18 110 ಎಂದಿದ್ದರೆ ಕೊನೆಯ 110 ಎಂಬುದು ಆ ಒಂದು ಟೈರು ಹೊರಬಲ್ಲ ಗರಿಷ್ಠ ಭಾರದ ಸಂಕೇತ, ಅಂದರೆ 1060 ಕಿಲೋ. ಅಲ್ಲೇ 1524 ಎಂಬಂಥ ನಾಲ್ಕಂಕಿ ಕಂಡರೆ, ಅದು 2024ರ 15ನೇ ವಾರದಲ್ಲಿ ತಯಾರಾದದ್ದು. ಅಂಗಡಿಯಾತ ತೋರಿಸುವ ಹೂವು, ಹೊಳಪುಗಳಿಗಿಂತ ಮೊದಲು ನೋಡಬೇಕಾದವು ಈ ಎರಡು. ಗಾಳಿಯ ವಿಷಯದಲ್ಲೂ ಅಷ್ಟೇ: ಖಾಲಿ ಗಾಡಿಗೆ ಎಷ್ಟು, ಭಾರ ಹೇರಿದಾಗ ಎಷ್ಟು ಎಂಬುದನ್ನು ತಯಾರಕರ ಕೋಷ್ಟಕದಲ್ಲೇ ನೋಡಿ, ಟೈರು ತಣ್ಣಗಿದ್ದಾಗ ತುಂಬಿಸಬೇಕು. ಗಾಳಿ ಕಡಿಮೆಯಾದರೆ ಟೈರು ಒಳಗೇ ಕಾಯುತ್ತದೆ, ಹೆದ್ದಾರಿಯಲ್ಲಿ ಸಿಡಿಯುವುದಕ್ಕೆ ಅಷ್ಟು ಸಾಕು.

ಬ್ರೇಕ್ ಆಯಿಲ್ ಬಗ್ಗೆ ಯೋಚಿಸುವವರು ಕಡಿಮೆ. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತ ಹೋಗುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ತೇವ ಹಿಡಿದ ಮೇಲೆ ಈ ಮಿತಿ 155ಕ್ಕೆ ಇಳಿಯಬಹುದು. ಭಾರ ಹೇರಿದ ಪಿಕಪ್ ಮಸಿನಗುಡಿ ಹಾದಿಯ ಕಲ್ಲಟ್ಟಿ ಘಾಟಿಯಲ್ಲಿ ತಿರುವಿಗೊಮ್ಮೆ ಬ್ರೇಕ್ ಒತ್ತುತ್ತ ಇಳಿದರೆ ಆ ಬಿಸಿ ಬರುವುದೇನೂ ಕಷ್ಟವಲ್ಲ. ಆಯಿಲ್ ಕುದ್ದು ಆವಿಯಾದರೆ ಪೆಡಲ್ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಎರಡು ವರ್ಷ ದಾಟಿದ ಆಯಿಲ್ ಇದ್ದರೆ ಹೊರಡುವ ಮೊದಲೇ ಬದಲಿಸಿ. ಇಳಿಜಾರಿನಲ್ಲಿ ಸಣ್ಣ ಗೇರಿನಲ್ಲೇ ಇಳಿಯಿರಿ.

ಇನ್ನೊಂದು ಆಕ್ಷೇಪ ಬುಲ್ ಬಾರಿನದು. ರಾತ್ರಿ ದನ ಅಡ್ಡ ಬಂದರೆ ರಕ್ಷಣೆ ಬೇಡವೇ ಎನ್ನುತ್ತಾರೆ. ಭಯ ಸಹಜವೇ. ಆದರೆ ಢಿಕ್ಕಿಯಾದಾಗ ಗಾಡಿಯ ಮುಂಭಾಗ ನಜ್ಜಾಗಿ ಪೆಟ್ಟನ್ನು ತಾನು ನುಂಗುವಂತೆ, ಏರ್‌ಬ್ಯಾಗ್ ಸರಿಯಾದ ಕ್ಷಣಕ್ಕೆ ತೆರೆಯುವಂತೆ ಎಂಜಿನಿಯರುಗಳು ರೂಪಿಸಿರುತ್ತಾರೆ. ನಡುವೆ ಕಬ್ಬಿಣ ಬಂದರೆ ಆ ಲೆಕ್ಕವೆಲ್ಲ ತಪ್ಪಬಹುದು, ಎದುರಿಗೆ ಸಿಕ್ಕ ಪಾದಚಾರಿಗೆ ಆಗುವ ಗಾಯವೂ ಘೋರ. 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಇವನ್ನು ತೆಗೆಸುವಂತೆ ರಾಜ್ಯಗಳಿಗೆ ಬರೆದಿದೆ. ನೋಂದಣಿಯಾದ ವಿವರಗಳಿಗೆ ಹೊಂದದಂತೆ ಗಾಡಿ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಜೈಲು, ಇಲ್ಲವೇ ಎರಡೂ ಆಗಬಹುದು. ದನದಿಂದ ತಪ್ಪಿಸಿಕೊಳ್ಳುವ ಖಚಿತ ದಾರಿ ಕತ್ತಲಾಗುವ ಮೊದಲೇ ಊರು ಸೇರುವುದು.

ಚಳಿಗಾಲದಲ್ಲಿ ಲಡಾಖಿಗೆ ಹೋಗುವವರು ಬಯಲುಸೀಮೆಯ ಡೀಸೆಲ್ಲನ್ನೇ ನಂಬಬಾರದು. ಅದರೊಳಗಿನ ಮೇಣ ಚಳಿಗೆ ಗಟ್ಟಿಯಾಗಿ ಫಿಲ್ಟರ್ ಕಟ್ಟುತ್ತದೆ. ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಚಳಿಗಾಲದ ಡೀಸೆಲ್ಲನ್ನು ಇಂಡಿಯನ್ ಆಯಿಲ್ 2019ರಿಂದ ಅಲ್ಲಿ ಮಾರುತ್ತಿದೆ.

ಕೊನೆಗೊಂದು ಕಳಕಳಿಯ ಮಾತು. ಹಿಂದಿನ ಬಾಡಿ ಎಷ್ಟೇ ವಿಶಾಲವಾಗಿರಲಿ, ಹಾಸಿಗೆ ಹಾಸಿ ಮಕ್ಕಳನ್ನು ಅಲ್ಲಿ ಕೂರಿಸಬೇಡಿ. ಅಲ್ಲಿ ಸೀಟ್ ಬೆಲ್ಟೂ ಇಲ್ಲ, ಏರ್‌ಬ್ಯಾಗೂ ಇಲ್ಲ.