ದಿನ ತುಂಬುವ ಮುನ್ನ

“37 ವಾರ ತುಂಬುವ ಮುನ್ನವೇ ಹೆರಿಗೆಯಾದೀತು” ಎಂದು ವೈದ್ಯರು ಎಚ್ಚರಿಸಿದರೆ, ‘ಆದೀತು’ ಎಂಬ ಆ ಒಂದು ಪದವೇ ಗರ್ಭಿಣಿಯ ನಿದ್ದೆಗೆಡಿಸುತ್ತದೆ. ತತ್ತ್ವಶಾಸ್ತ್ರವು ಅದನ್ನು ಸಂಭಾವ್ಯವೆನ್ನುತ್ತದೆ. ತಾಯಿಗೆ ಆ ವಿವರಣೆಯಿಂದ ಸಮಾಧಾನವಿಲ್ಲ. ಪಾವಗಡದಿಂದ ತುಮಕೂರಿನ ಜಿಲ್ಲಾಸ್ಪತ್ರೆಗೆ ಸುಮಾರು 100 ಕಿಲೋಮೀಟರ್. ಮಧುಗಿರಿ, ಶಿರಾ, ಕೊರಟಗೆರೆಯವರಿಗೆ ದಾರಿ ಅಷ್ಟಿಲ್ಲ. ಎಲ್ಲಿಯವರಾದರೂ, ಹೊಟ್ಟೆ ಮತ್ತೆ ಮತ್ತೆ ಬಿಗಿದರೆ, ನೀರೋ ರಕ್ತವೋ ಕಂಡರೆ, ಜಪಸರ ಮುಗಿಯಲೆಂದು ಕಾಯದೆ 108ಕ್ಕೆ ಕರೆಮಾಡಬೇಕು; ಉಳಿದ ಮಣಿಗಳನ್ನು ದಾರಿಯಲ್ಲಿ ಜಪಿಸಬಹುದು. ಸಕಾಲದಲ್ಲಿ ತಲುಪಿದರೆ ಶಿಶುವಿನ ಶ್ವಾಸಕೋಶಗಳು ಬೇಗ ಬಲಿಯುವಂತೆ ಚುಚ್ಚುಮದ್ದು ಕೊಡಲು ವೈದ್ಯರಿಗೆ ಅವಕಾಶವಾಗುತ್ತದೆ.

ಮಾತೆ ಮರಿಯಮ್ಮನವರು ಗರ್ಭಿಣಿ ಎಲಿಜಬೇತಮ್ಮನವರೊಡನೆ ಸುಮಾರು ಮೂರು ತಿಂಗಳು ಇದ್ದರೆಂದು ಸಂತ ಲೂಕರು ಬರೆದಿದ್ದಾರೆ; ಬುದ್ಧಿ ಹೇಳಿದರೆಂದು ಬರೆದಿಲ್ಲ. ಅತ್ತೆ, ನಾದಿನಿ, ನೆರೆಯವರೂ “ಏನೂ ಆಗದು” ಎಂಬ ಮಾತನ್ನು ಬದಿಗಿಟ್ಟು, ಆಕೆಯ ನೀರಿನ ಕೊಡವನ್ನು ತಾವು ಹೊರಲಿ.