ಬಂಗಡೆಯ ಮೈ, ಐಸಿನ ಲೆಕ್ಕ

ಬಂಗಡೆ ಅರಬ್ಬಿ ಸಮುದ್ರದ ಮೇಲ್ಪದರದಲ್ಲಿ ಹಿಂಡುಹಿಂಡಾಗಿ ತಿರುಗುವ ಮೀನು. ಪ್ರಾಣಿಶಾಸ್ತ್ರದಲ್ಲಿ ಅದರ ಹೆಸರು ರಾಸ್ಟ್ರೆಲಿಜರ್ ಕನಗುರ್ತ. ಅಂಜಲ್ ಮತ್ತು ಟ್ಯೂನಾ ಕೂಡ ಇದೇ ಕುಟುಂಬದವು. ಬಲೆಗೆ ಬೀಳುವ ಬಂಗಡೆ ಸಾಮಾನ್ಯವಾಗಿ 20ರಿಂದ 25 ಸೆಂ.ಮೀ. ಉದ್ದ ಇರುತ್ತದೆ, 35 ಸೆಂ.ಮೀ.ವರೆಗೂ ಬೆಳೆಯಬಲ್ಲದು. ಗದಗ-ಬೆಟಗೇರಿಯಂಥ ಒಳನಾಡಿನ ಊರಿನಲ್ಲಿ ಸಮುದ್ರದ ಮೀನು ಬಯಸುವವರಿಗೆ ಕೈಗೆಟಕುವ ಬೆಲೆಗೆ ಸಿಗುವವುಗಳಲ್ಲಿ ಇದೂ ಒಂದು. ಆದರೆ ದೂರ ಸಾಗಿಸಲು ಇದು ಬಹಳ ನಾಜೂಕಾದ ಮೀನು. ಆ ನಾಜೂಕಿಗೆ ಕಾರಣ ಅದರ ಈಜುವ ಶಕ್ತಿಯಲ್ಲೇ ಇದೆ.

ಬಂಗಡೆಯ ಮೈ ಎರಡೂ ತುದಿಗೆ ಚೂಪಾಗುತ್ತ ಹೋಗುತ್ತದೆ. ಬಾಲದ ಬುಡ ತೀರ ಸಣ್ಣದು, ಬಾಲ ಆಳವಾಗಿ ಕವಲೊಡೆದದ್ದು. ಬಾಲಕ್ಕೆ ಸ್ವಲ್ಪ ಮುಂದೆ, ಬೆನ್ನಿನ ಮೇಲೂ ಹೊಟ್ಟೆಯ ಕೆಳಗೂ ಐದೈದು ಕಿರುರೆಕ್ಕೆಗಳಿವೆ. ಬೆನ್ನು ನೀಲಿ-ಹಸಿರು, ಹೊಟ್ಟೆ ಬೆಳ್ಳಿ. ಹೀಗಾಗಿ ಮೇಲಿಂದ ನೋಡುವ ಹಕ್ಕಿಗೆ ಅದು ಕಡಲಿನ ಬಣ್ಣದಲ್ಲಿ ಮರೆಯಾಗುತ್ತದೆ, ಕೆಳಗಿಂದ ನೋಡುವ ದೊಡ್ಡ ಮೀನಿಗೆ ಮೇಲಿನ ಬೆಳಕಿನಲ್ಲಿ ಕಾಣದೆ ಹೋಗುತ್ತದೆ. ಬೆನ್ನಿನುದ್ದಕ್ಕೂ ಸಾಗುವ ಪಟ್ಟೆಗಳು ಹೊಸ ಮೀನಿನಲ್ಲಿ ಹೊನ್ನಿನ ಬಣ್ಣದಲ್ಲಿ ಮಿನುಗುತ್ತವೆ. ಹೊತ್ತು ಕಳೆದಂತೆ ಕಪ್ಪಾಗುತ್ತವೆ.

ಅದರ ಊಟದ ಏರ್ಪಾಡು ಇನ್ನೂ ಸೊಗಸಾದದ್ದು. ಕಿವಿರಿನ ಕಮಾನುಗಳ ಒಳಬದಿಯಲ್ಲಿ ಉದ್ದನೆಯ ಎಳೆಗಳ ಸಾಲು ಇದೆ. ಮೊದಲ ಕಮಾನಿನ ಕೆಳಭಾಗ ಒಂದರಲ್ಲೇ 30ರಿಂದ 46. ಬಂಗಡೆಯ ಬಾಯಿ ಅಗಲಿಸಿದರೆ ಇವು ಬರಿಗಣ್ಣಿಗೆ ಕಾಣುತ್ತವೆ. ಮೀನು ಬಾಯಿ ತೆರೆದುಕೊಂಡೇ ಮುಂದಕ್ಕೆ ಈಜುತ್ತದೆ, ನೀರು ಕಿವಿರಿನ ಮೂಲಕ ಹೊರಬೀಳುತ್ತದೆ, ನೀರಿನಲ್ಲಿ ತೇಲುವ ಪ್ಲವಕಗಳೆಂಬ ಕಿರುಜೀವಿಗಳು ಈ ಎಳೆಗಳ ಜರಡಿಯಲ್ಲಿ ಉಳಿಯುತ್ತವೆ. ಅದೇ ನೀರಿನಿಂದ ಕಿವಿರು ಆಮ್ಲಜನಕವನ್ನೂ ಹೀರಿಕೊಳ್ಳುತ್ತದೆ. ಉಣ್ಣುವುದು, ಉಸಿರಾಡುವುದು, ಮುಂದೆ ಸಾಗುವುದು ಮೂರೂ ಒಂದೇ ಚಲನೆಯಲ್ಲಿ ನಡೆಯುತ್ತವೆ. ಬಂಗಡೆಯ ಎಣ್ಣೆಯಲ್ಲಿರುವ ಒಮೆಗಾ-3 ಕೊಬ್ಬಿನಾಮ್ಲಗಳ ಮೂಲವೂ ಈ ಪ್ಲವಕಗಳೇ. ಸೂಕ್ಷ್ಮ ಸಸ್ಯಪ್ಲವಕಗಳು ಅವನ್ನು ತಯಾರಿಸುತ್ತವೆ, ಮೀನು ಕೂಡಿಡುತ್ತದೆ.

ಇಷ್ಟು ಈಜಲು ಎರಡು ಬಗೆಯ ಸ್ನಾಯು ಬೇಕು. ಪಕ್ಕೆಯ ನಡುಗೆರೆಗುಂಟ ಇರುವ ಕಂದು ಮಾಂಸ ದಣಿಯದೆ ದಿನವಿಡೀ ದುಡಿಯುತ್ತದೆ. ಅದರಲ್ಲಿ ಕೊಬ್ಬೂ ಕಬ್ಬಿಣದಂಶವೂ ಹೆಚ್ಚು. ಉಳಿದ ಬಿಳಿ ಮಾಂಸ ಬೇಟೆಗಾರ ಮೀನು ಬೆನ್ನಟ್ಟಿದಾಗ ಒಮ್ಮೆಲೇ ಚಿಮ್ಮಲು ನೆರವಾಗುತ್ತದೆ. ಹಾಗೆ ಚಿಮ್ಮಿದಾಗ ಸ್ನಾಯುವಿನಲ್ಲಿ ಆಮ್ಲೀಯತೆ ಏರುತ್ತದೆ. ಅದನ್ನು ತಡೆಹಿಡಿಯಲು ಬಿಳಿ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಹೇರಳವಾಗಿ ಶೇಖರವಾಗಿರುತ್ತದೆ. ಜೀವಂತ ಮೀನಿಗೆ ಇದು ರಕ್ಷಣೆ. ಮೀನು ಸತ್ತ ಮೇಲೆ ತಿನ್ನುವವರಿಗೆ ತೊಂದರೆ ಹುಟ್ಟುವುದೂ ಇದರಿಂದಲೇ.

ಕರ್ನಾಟಕದ ಕರಾವಳಿಯಲ್ಲಿ ಬಂಗಡೆಯ ಸುಗ್ಗಿ ಮಳೆಗಾಲದ ಬೆನ್ನಿಗೇ ಬರುತ್ತದೆ. ನೈಋತ್ಯ ಮಾರುತದ ತಿಂಗಳುಗಳಲ್ಲಿ ಆಳದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲಕ್ಕೇರುತ್ತದೆ, ಪ್ಲವಕ ಹುಲುಸಾಗಿ ಬೆಳೆಯುತ್ತದೆ, ಹಿಂಡುಗಳು ದಡದತ್ತ ಸರಿಯುತ್ತವೆ. ಹಿಂದೆ ಹತ್ತಾರು ಮಂದಿ ದಡದಲ್ಲಿ ನಿಂತು ಎಳೆಯುತ್ತಿದ್ದ ರಂಪಣಿ ಬಲೆಗೆ ಇವು ಬೀಳುತ್ತಿದ್ದವು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬೋಟುಗಳು ಆ ಜಾಗವನ್ನು ಹಿಡಿದವು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಬಂಗಡೆ ಹೆಚ್ಚಾಗಿ ಮೊಟ್ಟೆಯಿಡುವುದು ಮಳೆಗಾಲದ ಆಸುಪಾಸಿನಲ್ಲೇ ಆದ್ದರಿಂದ ಈ ಬಿಡುವಿನ ಬೆಲೆ ದೊಡ್ಡದು. ಆ ಎರಡು ತಿಂಗಳಲ್ಲಿ ಒಳನಾಡಿನ ಅಂಗಡಿಯಲ್ಲಿ ಕಾಣುವ ಬಂಗಡೆ ಶೈತ್ಯಾಗಾರದ್ದೋ, ನಾಡದೋಣಿಯವರು ಹಿಡಿದದ್ದೋ, ಬೇರೆ ಕಡೆಯಿಂದ ಬಂದದ್ದೋ ಇರಬಹುದು; ಕೇಳಿ ತಿಳಿದುಕೊಂಡು ಕೊಳ್ಳುವುದು ಒಳ್ಳೆಯದು.

ಅಂಕೋಲೆಯ ಕಡೆಯಿಂದ ಹೊರಟ ಮೀನು ಅರಬೈಲು ಘಟ್ಟ ಹತ್ತಿ, ಯಲ್ಲಾಪುರ, ಹುಬ್ಬಳ್ಳಿ ದಾಟಿ ಗದಗ ಸೇರಲು ಸುಮಾರು 200 ಕಿ.ಮೀ. ಬರಬೇಕು. ಮುಂಡರಗಿಗೆ ಅದರ ಮೇಲೊಂದಿಷ್ಟು ದಾರಿ. ಇಲ್ಲಿ ಎಲ್ಲವೂ ನಿಂತಿರುವುದು ಐಸಿನ ಮೇಲೆ. ಒಂದು ಕಿಲೋ ಐಸ್ ಕರಗುವಾಗ 80 ಕಿಲೋಕ್ಯಾಲರಿ ಶಾಖ ಹೀರುತ್ತದೆ. ಒಂದು ಕಿಲೋ ಮೀನನ್ನು 30 ಡಿಗ್ರಿಯಿಂದ ಸೊನ್ನೆಗೆ ಇಳಿಸಲು ತೆಗೆಯಬೇಕಾದ ಶಾಖ ಸುಮಾರು 25 ಕಿಲೋಕ್ಯಾಲರಿ. ಲೆಕ್ಕಕ್ಕೆ ಮೂರನೇ ಒಂದು ಪಾಲು ಐಸ್ ಸಾಕು. ಆದರೆ ದಾರಿಯುದ್ದಕ್ಕೂ ಪೆಟ್ಟಿಗೆಯ ಗೋಡೆಯಿಂದ ಬಿಸಿ ಒಳನುಗ್ಗುತ್ತಲೇ ಇರುತ್ತದೆ, ಬಯಲುಸೀಮೆಯ ಏಪ್ರಿಲ್ ಬಿಸಿಲಿನಲ್ಲಂತೂ ಹೇಳುವುದೇ ಬೇಡ. ಅದಕ್ಕೇ ಉಷ್ಣವಲಯದಲ್ಲಿ ಒಂದು ಪಾಲು ಮೀನಿಗೆ ಒಂದು ಪಾಲು ಐಸ್ ಎಂಬ ನಿಯಮ. ಐಸ್ ಪುಡಿಯಾಗಿರಬೇಕು, ಪ್ರತಿ ಮೀನಿಗೂ ತಾಗಬೇಕು, ಕರಗಿದ ನೀರು ಹೊರಹೋಗಬೇಕು. ಮೀನಿನ ಮೇಲೆ ಒಂದು ಗಡ್ಡೆ ಇಟ್ಟು ತೋರಿಸುವ ಅಂಗಡಿ ಈ ಕೆಲಸ ಮಾಡುತ್ತಿಲ್ಲ.

ಐಸ್ ತಪ್ಪಿದರೆ ಏನಾಗುತ್ತದೆ? ಮೀನಿನ ಕಿವಿರು ಮತ್ತು ಕರುಳಿನಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳು ಮಾಂಸಕ್ಕೆ ಹರಡಿ, ಅಲ್ಲಿ ಶೇಖರವಾದ ಹಿಸ್ಟಿಡಿನನ್ನು ಹಿಸ್ಟಮಿನ್ ಆಗಿ ಬದಲಿಸುತ್ತವೆ. ಅದು ಹೆಚ್ಚಿರುವ ಮೀನು ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪೇರುತ್ತದೆ. ತಲೆನೋವು, ತುರಿಕೆ, ಎದೆಬಡಿತ ಕಾಣಿಸಿಕೊಳ್ಳುತ್ತವೆ. ಇದನ್ನು ಮೀನಿನ ಅಲರ್ಜಿ ಎಂದು ತಿಳಿದು ಮೀನನ್ನೇ ಬಿಡುವವರಿದ್ದಾರೆ. ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು. ಮನೆಯಲ್ಲಿ ನೆನಪಿಡಬೇಕಾದ ಸಂಗತಿ ಒಂದಿದೆ: ಒಮ್ಮೆ ಹುಟ್ಟಿದ ಹಿಸ್ಟಮಿನ್ ಕುದಿಸಿದರೂ ಹುರಿದರೂ ಹೋಗುವುದಿಲ್ಲ, ಫ್ರಿಜ್ಜಿನಲ್ಲಿಟ್ಟರೂ ಹೋಗುವುದಿಲ್ಲ. ಖಾರ ಜಾಸ್ತಿ ಹಾಕಿದರೆ ಹಳೆ ಮೀನು ಸರಿಹೋಗುತ್ತದೆ ಎಂಬ ನಂಬಿಕೆ ಅಪಾಯಕಾರಿ.

ಆಯ್ಕೆಗೆ ಮೀನಿನ ಮೈಯೇ ದಾರಿ ತೋರಿಸುತ್ತದೆ. ಕಣ್ಣು ಉಬ್ಬಿ ತಿಳಿಯಾಗಿರಬೇಕು, ಕಿವಿರು ಕೆಂಪಗಿರಬೇಕು, ಒತ್ತಿದ ಬೆರಳಿನ ಗುಳಿ ತುಂಬಿಕೊಳ್ಳಬೇಕು. ಬಂಗಡೆಯಲ್ಲಿ ಮುಖ್ಯವಾಗಿ ಹೊಟ್ಟೆ ನೋಡಬೇಕು. ಪ್ಲವಕ ತಿಂದು ತುಂಬಿದ ಹೊಟ್ಟೆಯೊಳಗಿನ ಜೀರ್ಣರಸಗಳು ಮೀನು ಸತ್ತ ಮೇಲೂ ಕೆಲಸ ನಿಲ್ಲಿಸುವುದಿಲ್ಲ, ಒಳಗಿಂದ ಗೋಡೆಯನ್ನೇ ಕರಗಿಸುತ್ತವೆ. ಹೊಟ್ಟೆ ಒಡೆದ ಬಂಗಡೆಯನ್ನು ಅಲ್ಲೇ ಬಿಡಬೇಕು. ಕಣ್ಣಿಗೆ ಕಾಣದ ಕಲಬೆರಕೆಗೂ ಪರೀಕ್ಷೆ ಇದೆ. ಮೀನಿಗೆ ಫಾರ್ಮಾಲಿನ್ ಸೇರಿಸುವುದು ಕಾನೂನುಬಾಹಿರ. ಅದನ್ನು ಕೆಲವೇ ನಿಮಿಷದಲ್ಲಿ ಪತ್ತೆಹಚ್ಚುವ ಕಾಗದದ ಪಟ್ಟಿಯನ್ನು ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ರೂಪಿಸಿದೆ.

ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳ ಅಂಚಿಗೆ ತುಂಗಭದ್ರೆ ಹರಿಯುವುದರಿಂದ ಗದಗ ಜಿಲ್ಲೆಯವರಿಗೆ ರೋಹು, ಕಾಟ್ಲಾಗಳ ರುಚಿ ಗೊತ್ತು. ಆ ಮೀನಿನ ವಾಸನೆ ಬೇರೆ, ಬಂಗಡೆಯದು ಬೇರೆ. ಸಮುದ್ರದ ಮೀನಿನ ಮಾಂಸದಲ್ಲಿ ಟ್ರೈಮಿಥೈಲಮೈನ್ ಆಕ್ಸೈಡ್ ಎಂಬ, ವಾಸನೆಯಿಲ್ಲದ ವಸ್ತು ಇರುತ್ತದೆ. ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗ ಆ ಗುರುತಿನ ವಾಸನೆ ಏಳುತ್ತದೆ. ಸಿಹಿನೀರಿನ ಮೀನಿನಲ್ಲಿ ಇದು ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿ ಕಾಡುವುದು ನೀರಿನ ಸೂಕ್ಷ್ಮಜೀವಿಗಳು ಹುಟ್ಟಿಸುವ ಮಣ್ಣಿನ ವಾಸನೆ. ಎರಡಕ್ಕೂ ಹುಳಿ ಮದ್ದು. ಸಮುದ್ರದ ಮೀನಿನ ವಾಸನೆ ಕ್ಷಾರಗುಣದ್ದು, ಹುಳಿ ಸೇರಿದಾಗ ಅದು ಲವಣವಾಗಿ ಗಾಳಿಗೆ ಏಳದೆ ಉಳಿಯುತ್ತದೆ. ಕರಾವಳಿಯ ಬಂಗಡೆ ಸಾರಿನಲ್ಲಿ ಹುಣಸೆಯೋ ಮುರುಗಲವೋ ತಪ್ಪದೆ ಇರುವುದರ ಹಿಂದೆ ಈ ರಸಾಯನ ಇದೆ. ಉತ್ತರ ಕನ್ನಡದವರು ಅದಕ್ಕೆ ಜುಮ್ಮನಕಾಯಿಯ ಘಮವನ್ನೂ ಕೂಡಿಸುತ್ತಾರೆ. ಬ್ಯಾಡಗಿ ಮೆಣಸಿನಕಾಯಿ ಅರೆದು, ಹುಣಸೆ ಹಿಂಡಿ, ಹೆಚ್ಚು ಕುದಿಸದೆ ಇಳಿಸಿದ ಸಾರು ಜೋಳದ ರೊಟ್ಟಿಗೂ ಚೆನ್ನಾಗಿ ಹೊಂದುತ್ತದೆ.

ಉಳಿದ ಬಂಗಡೆಯನ್ನು ಮನೆಯ ಫ್ರೀಜರಿನಲ್ಲಿ ತಿಂಗಳುಗಟ್ಟಲೆ ಇಡುವುದರಲ್ಲಿ ಅರ್ಥವಿಲ್ಲ. ಅದರ ಎಣ್ಣೆ ಗಾಳಿಯ ಆಮ್ಲಜನಕಕ್ಕೆ ಬೇಗ ಸಿಕ್ಕಿ ಕಮಟುತ್ತದೆ, ಕಂದು ಮಾಂಸದ ಕಬ್ಬಿಣ ಅದಕ್ಕೆ ವೇಗ ಕೊಡುತ್ತದೆ. ಐಸಿಲ್ಲದ ಕಾಲದಿಂದಲೂ ಒಳನಾಡಿಗೆ ಬಂದ ದಾರಿ ಒಣಮೀನಿನದು: ಉಪ್ಪು ಮತ್ತು ಬಿಸಿಲು ಸೇರಿ ಬ್ಯಾಕ್ಟೀರಿಯಾಗಳಿಗೆ ಬೇಕಾದ ನೀರನ್ನು ಕಸಿದುಕೊಳ್ಳುತ್ತವೆ. ಅದಕ್ಕೂ ಹಿಸ್ಟಮಿನ್ನಿನ ನಿಯಮ ಅನ್ವಯಿಸುತ್ತದೆ. ಹಳಸಿದ ಮೀನನ್ನು ಒಣಗಿಸಿದರೆ ಒಳ್ಳೆಯ ಒಣಮೀನು ಆಗದು. ತೇವ ಹಿಡಿದದ್ದು, ಮೇಲೆ ಕೆಂಪು ಬಣ್ಣ ಹಿಡಿದದ್ದು ಬೇಡ. ಗಟ್ಟಿಯಾದ, ಒಣಗಿ ಬಿಗಿದ ಬಂಗಡೆಯನ್ನು ಆರಿಸಿ, ನೀರಿನಲ್ಲಿ ನೆನೆಸಿ ಉಪ್ಪು ಬಿಡಿಸಿದ ಮೇಲೆ ಹುರಿಯಬೇಕು.