ಸಂಡೂರಿನ ಅದಿರು, ಕಟ್ಟದೇ ಉಳಿದ ಯುದ್ಧನೌಕೆ

ಸಂಡೂರು ಬೆಟ್ಟದ ಈ ಕಪ್ಪು ಕಲ್ಲು ನೋಡಿ. ಮ್ಯಾಂಗನೀಸ್ ಅದಿರು. ಉಕ್ಕಿನಲ್ಲಿರುವ ಗಂಧಕವನ್ನು ಕಟ್ಟಿಹಾಕಿ, ಕಾಸಿ ಬಡಿದಾಗ ಬಿರುಕು ಬಿಡದಂತೆ ಕಾಯುವುದು ಇದೇ. ಕಳೆದ ಶತಮಾನದ ಆರಂಭದಲ್ಲೇ ಇಲ್ಲಿ ಗಣಿ ಶುರುವಾಗಿ, ಅದಿರು ವಿದೇಶಕ್ಕೆ ಹೊರಟಿತ್ತು.

ಯುದ್ಧನೌಕೆ ಕಟ್ಟಲೂ ಇಂಥ ಗಟ್ಟಿ ಉಕ್ಕೇ ಬೇಕು. ಅತ್ತ 1921ರಲ್ಲಿ ಬ್ರಿಟನ್ 'ಜಿ3' ಎಂಬ ಬ್ಯಾಟಲ್‌ಕ್ರೂಸರ್ (ವೇಗದ ದೊಡ್ಡ ಯುದ್ಧನೌಕೆ) ವಿನ್ಯಾಸ ಮಾಡಿತು. ಸುಮಾರು 48,000 ಟನ್, 16 ಇಂಚಿನ ಒಂಬತ್ತು ಫಿರಂಗಿ, 14 ಇಂಚಿನ ಕವಚ, ಗಂಟೆಗೆ ಸುಮಾರು 59 ಕಿಲೋಮೀಟರ್ ವೇಗ! ಮರುವರ್ಷ ಯುದ್ಧನೌಕೆಗಳ ಗಾತ್ರಕ್ಕೆ ಕಡಿವಾಣ ಹಾಕುವ ವಾಷಿಂಗ್ಟನ್ ಒಪ್ಪಂದ ಬಂತು: ಒಂದು ನೌಕೆಗೆ ಮಿತಿ 35,000 ಟನ್. ಜಿ3 ರದ್ದು.

ಆ ಮಿತಿಯಲ್ಲಿ ನೀವೇ ಒಂದು ನೌಕೆ ವಿನ್ಯಾಸ ಮಾಡಿ ಎಂದರೆ? ಫಿರಂಗಿ, ಕವಚ, ವೇಗ ಮೂರೂ ಒಟ್ಟಿಗೆ ಹಿಡಿಯುವುದಿಲ್ಲ. ನಾನಾದರೆ ಫಿರಂಗಿ ಆರಕ್ಕೆ ಇಳಿಸುತ್ತೇನೆ, ಕವಚ ಮುಟ್ಟುವುದಿಲ್ಲ. 1916ರ ಜಟ್ಲೆಂಡ್ ಕದನದಲ್ಲಿ ತೆಳು ಕವಚದ ಮೂರು ಬ್ರಿಟಿಷ್ ಬ್ಯಾಟಲ್‌ಕ್ರೂಸರ್‌ಗಳು ಸಿಡಿದುಹೋದವು. ಮದ್ದು ಇಡುವಲ್ಲಿನ ಅಸಡ್ಡೆಯೂ ಅದಕ್ಕೆ ಕಾರಣ.